ಅರವತ್ತು ಸಾವಿರದಲ್ಲಿ ಮೆಟಲ್‌ಗೆ ಡ್ರಮ್ ಕಿಟ್: ದುಡ್ಡು ಮೊದಲು ಪೆಡಲ್‌ಗೆ ಹಾಕು

ಪ್ರಶ್ನೆ: ಅಣ್ಣಾ ನಮಸ್ಕಾರ. ನಾನು ಹುಬ್ಬಳ್ಳಿ ನವನಗರದವನು, ಇಂಜಿನಿಯರಿಂಗ್ ಮೂರನೇ ವರ್ಷ. ನಾಲ್ಕು ಜನ ಗೆಳೆಯರು ಸೇರಿ ಥ್ರ್ಯಾಶ್ ಮೆಟಲ್ (ಬಹಳ ವೇಗದ, ಗದ್ದಲದ ರಾಕ್ ಸಂಗೀತ) ಬ್ಯಾಂಡ್ ಕಟ್ಟಿದ್ದೇವೆ. ಒಂದು ವರ್ಷದಿಂದ ಪ್ರಾಕ್ಟೀಸ್ ಪ್ಯಾಡ್ ಮೇಲೆ, ಆಗಾಗ ಬೇರೆಯವರ ಕಿಟ್ ಮೇಲೆ ಕಲಿಯುತ್ತಿದ್ದೇನೆ. ಈಗ ಸ್ವಂತದ್ದು ಬೇಕು. ಕೈಯಲ್ಲಿ 60 ಸಾವಿರ ಇದೆ, ಅದರ ಮೇಲೆ ಒಂದು ರೂಪಾಯಿ ಆಗಲ್ಲ. ಆನ್‌ಲೈನ್‌ನಲ್ಲಿ ಏಳು ಪೀಸ್ ಕಿಟ್, ಸಿಂಬಲ್, ಡಬಲ್ ಪೆಡಲ್ ಎಲ್ಲ ಸೇರಿ 52 ಸಾವಿರಕ್ಕೆ ಸಿಗುತ್ತಿದೆ, ಕಂಪನಿ ಹೆಸರು ಕೇಳಿದ್ದಿಲ್ಲ. ತೆಗೆದುಕೊಳ್ಳಲಾ? ಅಥವಾ ಎಲೆಕ್ಟ್ರಾನಿಕ್ ಕಿಟ್ ಒಳ್ಳೆಯದಾ? ನಮ್ಮದು ಮೊದಲನೇ ಮಹಡಿ ಬಾಡಿಗೆ ಮನೆ, ಕೆಳಗೆ ಮಾಲೀಕರು. ಗಿಟಾರ್ ಬಾರಿಸುವವನ ಅಪ್ಪನಿಗೆ ಗೋಕುಲ ರೋಡ್‌ನಲ್ಲಿ ಒಂದು ಶೆಡ್ ಇದೆ, ಸಂಜೆ ಮತ್ತು ರವಿವಾರ ಅಲ್ಲಿ ಬಾರಿಸಬಹುದು ಅಂದಿದ್ದಾರೆ.

ಉತ್ತರ:

ತಮ್ಮಾ, ಆ ಏಳು ಪೀಸ್ ಕಿಟ್ ಬೇಡ. ಮೊದಲು ಅದನ್ನು ಕಾರ್ಟ್‌ನಿಂದ ತೆಗೆ, ಆಮೇಲೆ ಇದನ್ನು ಓದು.

ಯಾಕೆ ಬೇಡ ಅಂತ ಹೇಳುತ್ತೇನೆ. 52 ಸಾವಿರದಲ್ಲಿ ಏಳು ಡ್ರಮ್, ನಾಲ್ಕು ಸಿಂಬಲ್ (ಲೋಹದ ತಾಳದ ತಟ್ಟೆ), ಅಷ್ಟಕ್ಕೂ ಸ್ಟ್ಯಾಂಡ್, ಎರಡೂ ಕಾಲಿನಿಂದ ಒಂದೇ ಬಾಸ್ ಡ್ರಮ್ ಬಾರಿಸುವ ಡಬಲ್ ಪೆಡಲ್, ಕೂರೋಕೆ ಸ್ಟೂಲ್ ಎಲ್ಲ ಕೊಡಬೇಕು ಅಂದರೆ ಮಾಡಿದವನು ಎಲ್ಲೋ ಒಂದು ಕಡೆ ಉಳಿಸಲೇಬೇಕು ಅಲ್ವಾ? ಫೋಟೋದಲ್ಲಿ ಕಾಣುವ ಜಾಗದಲ್ಲಿ ಅವನು ಉಳಿಸುವುದಿಲ್ಲ. ಬಣ್ಣ ಫಳಫಳ ಅನ್ನುತ್ತಿರುತ್ತದೆ, ಕ್ರೋಮ್ ಹೊಳೆಯುತ್ತಿರುತ್ತದೆ. ಉಳಿಸುವುದೆಲ್ಲ ಕಾಣದ ಕಡೆ. ಲಗ್ (ಹೆಡ್ ಬಿಗಿಯುವ ರಾಡ್ ಕೂರುವ ಜಾಗ) ಒಳಗಿನ ಥ್ರೆಡ್, ಪೆಡಲ್‌ನ ಬೇರಿಂಗ್, ಸಿಂಬಲ್‌ನ ಲೋಹ, ಹೆಡ್‌ನ (ಡ್ರಮ್ ಮೇಲೆ ಬಾರಿಸುವ ಪೊರೆ) ಪ್ಲಾಸ್ಟಿಕ್. ಮೆಟಲ್ ಬಾರಿಸುವವನಿಗೆ ಗಟ್ಟಿ ಇರಬೇಕಾದದ್ದು ಸರಿಯಾಗಿ ಈ ನಾಲ್ಕೇ.

2008ರಲ್ಲಿ ನಾನೂ ಇಂಥದ್ದೇ ಒಂದು ಕಿಟ್ ತಂದಿದ್ದೆ. ಆರ್ಕೆಸ್ಟ್ರಾದಲ್ಲಿ ಎರಡು ಗಣಪತಿ ಸೀಸನ್ ಬಾರಿಸಿ ಕೂಡಿಟ್ಟ ದುಡ್ಡು ಅದು. ಎರಡನೇ ತಿಂಗಳಿಗೆ ಎಡಗಾಲಿನ ಪೆಡಲ್ ಅಲ್ಲಾಡತೊಡಗಿತು. ಐದನೇ ತಿಂಗಳು ಜೋರು ಪೆಟ್ಟಿಗೆ ಬಳಸುವ ಕ್ರ್ಯಾಶ್ ಸಿಂಬಲ್‌ನ ಅಂಚು ಒಂದೂವರೆ ಇಂಚು ಸೀಳಿತು. ಸ್ನೇರ್‌ನ (ಎದುರಿಗೇ ಇರುವ, ಚಟ್ ಅಂತ ಸಿಡಿಯುವ ಡ್ರಮ್) ಎರಡು ಲಗ್‌ನಲ್ಲಿ ಥ್ರೆಡ್ ಹೋಗಿ, ಎಷ್ಟು ತಿರುಗಿಸಿದರೂ ರಾಡ್ ಸುಮ್ನೆ ಸುತ್ತುತ್ತಿತ್ತು. ಬಿಡಿಭಾಗ ಕೇಳಲು ಹೋದರೆ ಅಂಗಡಿಯವರು ಆ ಮಾಲು ಈಗ ಬರುವುದಿಲ್ಲ ಅಂದರು. ಮಾರೋಣ ಅಂದರೆ ಕೊಳ್ಳುವವರಿಲ್ಲ. ಆ ನೋವು ಇನ್ನೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಲೆಕ್ಟ್ರಾನಿಕ್ ವಿಷಯ ಮೊದಲು ಮುಗಿಸಿಬಿಡೋಣ. ಶೆಡ್ ಇಲ್ಲದೇ ಇದ್ದಿದ್ದರೆ ಎಲೆಕ್ಟ್ರಾನಿಕ್ ತಗೋ ಅನ್ನುತ್ತಿದ್ದೆ. ಮೆಶ್ ಹೆಡ್ (ಬಲೆಯಂಥ ಪೊರೆ) ಇರುವ ಕಿಟ್‌ಗಳಲ್ಲಿ ಕೈಗೆ ಒಳ್ಳೆ ಅಭ್ಯಾಸ ಆಗುತ್ತದೆ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಕೋಣೆಯವರಿಗೂ ತೊಂದರೆ ಇಲ್ಲ. ಆದರೆ ನಿನ್ನದು ಮೊದಲನೇ ಮಹಡಿ. ಮೆಶ್ ಮೇಲೆ ಕೋಲಿನ ಸದ್ದು ಕಮ್ಮಿ, ಕಾಲಿನ ಪೆಟ್ಟು ಮಾತ್ರ ನೆಲದ ಮೂಲಕ ನೇರ ಕೆಳಗಿನ ಮನೆಗೆ ಇಳಿಯುತ್ತದೆ. ಡಬಲ್ ಪೆಡಲ್ ಅಂದರೆ ಕೇಳುವುದೇ ಬೇಡ, ಕೆಳಗಿನವರಿಗೆ ಮೇಲೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ ಕೇಳುತ್ತದೆ. ಇನ್ನೊಂದು, ಕಮ್ಮಿ ಬೆಲೆಯ ಎಲೆಕ್ಟ್ರಾನಿಕ್ ಕಿಟ್‌ಗಳಲ್ಲಿ ಕಿಕ್ ಪ್ಯಾಡ್ (ಬಾಸ್ ಡ್ರಮ್ ಬದಲು ಕಾಲಿನಿಂದ ಬಡಿಯುವ ಪ್ಯಾಡ್) ಎಷ್ಟೋ ಸಲ ಅಂಗೈ ಅಗಲ ಮಾತ್ರ ಇರುತ್ತದೆ. ಪೆಡಲ್‌ನ ಎರಡು ಬೀಟರ್ (ಬಡಿಯುವ ಸುತ್ತಿಗೆ) ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಶೆಡ್ ಸಿಕ್ಕಿದೆ ಅಂದಮೇಲೆ ಅಕೌಸ್ಟಿಕ್ ಕಿಟ್ಟೇ ತಗೋ. ಬ್ಯಾಂಡ್ ಜತೆ ಬಾರಿಸುವವನು ನೀನು. ಎರಡು ಗಿಟಾರ್ ಆಂಪ್ ಪಕ್ಕದಲ್ಲಿ ನಿಜವಾದ ಸ್ನೇರ್ ಎಷ್ಟು ಜೋರಾಗಿ ಹೊಡೆಯಬೇಕು, ಕ್ರ್ಯಾಶ್ ಎಷ್ಟು ಹೊತ್ತು ಮೊಳಗುತ್ತದೆ ಅನ್ನುವುದು ಪ್ಯಾಡ್ ಮೇಲೆ ಕಲಿಯಲು ಬರುವುದಿಲ್ಲ.

ಈಗ ದುಡ್ಡಿನ ಲೆಕ್ಕ. 60 ಸಾವಿರವನ್ನು ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಡ್ರಮ್ ಮತ್ತು ಸ್ಟ್ಯಾಂಡ್‌ಗಳಿಗೆ 25 ಸಾವಿರ, ಅದೂ ಸೆಕೆಂಡ್ ಹ್ಯಾಂಡ್. ಡಬಲ್ ಪೆಡಲ್‌ಗೆ 13 ಸಾವಿರ. ಸಿಂಬಲ್‌ಗೆ 14 ಸಾವಿರ. ಹೊಸ ಹೆಡ್‌ಗಳಿಗೆ 5 ಸಾವಿರ. ಉಳಿದ 3 ಸಾವಿರದಲ್ಲಿ ಸ್ಟಿಕ್, ಕಿವಿಯ ಪ್ಲಗ್, ಕೂರುವ ಸ್ಟೂಲ್ ಸರಿ ಇಲ್ಲದಿದ್ದರೆ ಅದರ ರಿಪೇರಿ. ಬೆಲೆ ಹೆಚ್ಚು ಕಮ್ಮಿ ಆಗುತ್ತದೆ, ಚೌಕಾಸಿ ನಿನ್ನ ಕೈಯಲ್ಲಿದೆ. ಅನುಪಾತ ಮಾತ್ರ ಬಿಡಬೇಡ. ಎಲ್ಲರೂ ಶೆಲ್‌ಗೆ, ಅಂದರೆ ಡ್ರಮ್‌ನ ಮರದ ಒಡಲಿಗೆ, ಮುಕ್ಕಾಲು ದುಡ್ಡು ಸುರಿದು ಉಳಿದ ಚಿಲ್ಲರೆಯಲ್ಲಿ ಪೆಡಲ್, ಸಿಂಬಲ್ ತರುತ್ತಾರೆ. ಮೆಟಲ್‌ಗೆ ಅದು ತಲೆಕೆಳಗಾದ ಲೆಕ್ಕ.

ಪೆಡಲ್‌ನಿಂದ ಶುರು ಮಾಡುತ್ತೇನೆ. ಒಂದು ಸಣ್ಣ ಗಣಿತ ನೋಡು. 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್ ವೇಗದಲ್ಲಿ, ಬೀಟ್‌ಗೆ ನಾಲ್ಕರಂತೆ ಕಿಕ್ (ಬಾಸ್ ಡ್ರಮ್) ಹೊಡೆದರೆ ಸೆಕೆಂಡಿಗೆ 8 ಪೆಟ್ಟು. ಅದೇ 180ಕ್ಕೆ ಏರಿದರೆ ಸೆಕೆಂಡಿಗೆ 12. ಅಂದರೆ ಒಂದೊಂದು ಕಾಲು ಸೆಕೆಂಡಿಗೆ ಆರು ಸಲ ಒತ್ತಬೇಕು, ಬೀಟರ್ ಆರು ಸಲ ಹಿಂದಕ್ಕೆ ಬರಬೇಕು. ಬೇರಿಂಗ್‌ನಲ್ಲಿ ಒಂದು ಕೂದಲೆಳೆಯಷ್ಟು ಸಡಿಲ ಇದ್ದರೂ ಆ ವೇಗದಲ್ಲಿ ಕಾಲಿಗೆ ಗೊತ್ತಾಗುತ್ತದೆ. ಹುಡುಗರು ತಮ್ಮ ಎಡಗಾಲು ಮಂದ ಅಂತ ತಿಳಿದು ವರ್ಷಗಟ್ಟಲೆ ಒದ್ದಾಡುತ್ತಾರೆ. ಎಷ್ಟೋ ಸಲ ಮಂದ ಇರುವುದು ಪೆಡಲ್.

ಡಬಲ್ ಪೆಡಲ್‌ನಲ್ಲಿ ಬಲಗಾಲಿನದು ನೇರವಾಗಿ ಕಿಕ್‌ಗೆ ಕಚ್ಚಿಕೊಂಡಿರುತ್ತದೆ. ಎಡಗಾಲಿನ ಪೆಟ್ಟು ಒಂದು ಉದ್ದ ರಾಡ್ ದಾಟಿ ಬರಬೇಕು, ಆ ರಾಡ್‌ನ ಎರಡೂ ತುದಿಯಲ್ಲಿ ಯುನಿವರ್ಸಲ್ ಜಾಯಿಂಟ್ ಇರುತ್ತದೆ. ಲಾರಿಯ ಕೆಳಗೆ ಬಗ್ಗಿ ನೋಡಿದ್ದರೆ ಆ ಜಾಯಿಂಟ್ ನಿನಗೆ ಗೊತ್ತು. ಸವೆಯುವುದು ಅಲ್ಲಿಯೇ. ಕೊಳ್ಳುವ ಮುಂಚೆ ಎಡಗಡೆಯ ಬೀಟರನ್ನು ಒಂದು ಕೈಯಲ್ಲಿ ಅಲ್ಲಾಡದಂತೆ ಹಿಡಿ, ಇನ್ನೊಂದು ಕೈಯಿಂದ ಎಡ ಪೆಡಲ್‌ನ ಹಲಗೆಯನ್ನು ಮೆಲ್ಲಗೆ ಒತ್ತು. ಬೀಟರ್ ಹಿಡಿದಿದ್ದರೂ ಹಲಗೆ ಒಂದಿಷ್ಟು ಕೆಳಗೆ ಹೋಗಿ ಟಕ್ ಅಂದರೆ ಜಾಯಿಂಟ್ ಸವೆದಿದೆ ಅಂತ ಲೆಕ್ಕ. ಬೇಡ ಅಂದು ಎದ್ದು ಬಾ. ಆಮೇಲೆ ಬೀಟರ್ ಹಿಂದಕ್ಕೆ ಎಳೆದು ಬಿಡು. ಒಳ್ಳೆ ಪೆಡಲ್‌ನಲ್ಲಿ ಅದು ಉಯ್ಯಾಲೆ ಥರ ಬಹಳ ಹೊತ್ತು ತೂಗುತ್ತದೆ, ಸದ್ದಿಲ್ಲದೆ. ಕೆಟ್ಟದ್ದು ನಾಲ್ಕು ಸಲ ಅಲ್ಲಾಡಿ ನಿಲ್ಲುತ್ತದೆ.

ತಾಮಾ ಐರನ್ ಕೋಬ್ರಾದ ಕೆಳಗಿನ ಮಾಡೆಲ್‌ಗಳು, ಪರ್ಲ್‌ನ 930 ಸಾಲಿನ ಡಬಲ್ ಪೆಡಲ್, ಮೇಪೆಕ್ಸ್‌ನದು, ಇವುಗಳಲ್ಲಿ ಯಾವುದು ಸೆಕೆಂಡ್ ಹ್ಯಾಂಡ್ ಸಿಕ್ಕರೂ ನಿನಗೆ ಸಾಕು. ಹಲಗೆಯ ಒತ್ತನ್ನು ಚೈನ್ ಮೂಲಕ ಬೀಟರ್‌ಗೆ ದಾಟಿಸುವ ಚೈನ್ ಡ್ರೈವ್ ಸಾಕು, ಚೈನ್ ಬದಲು ಗಟ್ಟಿ ಪಟ್ಟಿ ಇರುವ ಡೈರೆಕ್ಟ್ ಡ್ರೈವ್ ಹಿಂದೆ ಈಗಲೇ ಓಡಬೇಡ. ಎರಡು ಬಾಸ್ ಡ್ರಮ್ ಕಟ್ಟುವ ಆಸೆಯೂ ಈಗ ಬೇಡ. ಶೆಡ್‌ನಲ್ಲಿ ಜಾಗ ತಿನ್ನುತ್ತದೆ, ಸಾಗಿಸುವುದು ಕಷ್ಟ, ಎರಡನ್ನೂ ಒಂದೇ ಶ್ರುತಿಗೆ ತರುವುದು ಇನ್ನೂ ಕಷ್ಟ.

ಒಂದು ವೇಳೆ ಒಳ್ಳೆ ಡಬಲ್ ಪೆಡಲ್ ಸಿಗಲೇ ಇಲ್ಲ ಅನ್ನು. ಆಗ ಕೆಟ್ಟ ಡಬಲ್ ತರುವ ಬದಲು ಒಳ್ಳೆ ಸಿಂಗಲ್ ತಂದು ಆರು ತಿಂಗಳು ಕಾಯಿ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಾರಿಸಿತಲ್ಲ, ಅವತ್ತು ಡ್ರಮ್ ಹಿಂದೆ ಕೂತಿದ್ದ ನಿಕೊ ಮ್ಯಾಕ್‌ಬ್ರೇನ್ ಬಹುತೇಕ ಇಡೀ ಜೀವನ ಒಂದೇ ಪೆಡಲ್‌ನಲ್ಲಿ ಮೆಟಲ್ ಬಾರಿಸಿದವರು. ನಾನು ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಹೋಗಿದ್ದೆ. ಒಂದೇ ಬಲಗಾಲು ಅಷ್ಟು ಕೆಲಸ ಮಾಡುತ್ತಿತ್ತು. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಅಮೆರಿಕದ ಬ್ಯಾಂಡ್ ಮೆಟಾಲಿಕಾ ಬಂದಾಗ ಡಬಲ್ ಕಿಕ್ಕಿನ ಪೆಟ್ಟು ಎದೆಗೆ ಬಡಿದದ್ದು ಬೇರೆಯೇ ಅನುಭವ, ಒಪ್ಪುತ್ತೇನೆ. ಎರಡೂ ಮೆಟಲ್ಲೇ.

ಇನ್ನು ಕೂರುವ ಸ್ಟೂಲ್, ಡ್ರಮರ್‌ಗಳು ಥ್ರೋನ್ ಅನ್ನುತ್ತಾರೆ. ಯಾರೂ ಇದರ ಬಗ್ಗೆ ಕೇಳುವುದಿಲ್ಲ, ನೀನೂ ಕೇಳಿಲ್ಲ. ಡಬಲ್ ಕಿಕ್ ಬಾರಿಸುವಾಗ ಎರಡೂ ಹಿಮ್ಮಡಿ ಗಾಳಿಯಲ್ಲಿರುತ್ತವೆ, ಮೈಭಾರ ಪೂರ್ತಿ ಕುಂಡೆಯ ಮೇಲೆ. ಸ್ಟೂಲ್ ಅಲ್ಲಾಡಿದರೆ ಸೊಂಟ ಬಿಗಿಯುತ್ತದೆ, ಸೊಂಟ ಬಿಗಿದರೆ ಕಾಲು ಓಡುವುದಿಲ್ಲ. ಸ್ಟೂಲಿನ ಕಾಲುಗಳು ಡಬಲ್ ಪಟ್ಟಿಯವು ಇರಲಿ, ಎತ್ತರ ಹಿಡಿಯುವ ಬೋಲ್ಟ್ ಜಾರದೇ ಇರಲಿ. ತೊಡೆ ನೆಲಕ್ಕೆ ಸಮಕ್ಕಿಂತ ಸ್ವಲ್ಪ ಇಳಿಜಾರು ಇರುವಷ್ಟು ಎತ್ತರ ಕೂತು ನೋಡು.

ಈಗ ಸಿಂಬಲ್. ಇದು ನನಗೆ ಬಹಳ ಮುಖ್ಯವಾದ ವಿಷಯ, ತಾಳ್ಮೆಯಿಂದ ಓದು.

ನಿಮ್ಮ ಮನೆಯಲ್ಲಿ ಹಿತ್ತಾಳೆ ಹರಿವಾಣ ಇರುತ್ತದೆ, ಗುಡಿಯಲ್ಲಿ ಕಂಚಿನ ಜಾಗಟೆ ಇರುತ್ತದೆ. ಎರಡನ್ನೂ ಒಂದೇ ಕೋಲಿನಿಂದ ಬಡಿದು ನೋಡು. ಹರಿವಾಣ ಠಣ್ ಅಂದು ಸುಮ್ಮನಾಗುತ್ತದೆ. ಜಾಗಟೆಯ ನಾದ ಬೆಳೆಯುತ್ತಾ ಹೋಗಿ, ಹರಡಿ, ನಿಧಾನಕ್ಕೆ ಆರುತ್ತದೆ. ಕಂಚಿನ ಕಂಠ ಅಂತಾರೆ, ಹಿತ್ತಾಳೆ ಕಂಠ ಅಂತ ಯಾರೂ ಅಂದದ್ದು ಕೇಳಿದ್ದೀಯಾ? ಸಿಂಬಲ್‌ನಲ್ಲೂ ಇಷ್ಟೇ ವಿಷಯ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಸೇರಿಸಿದ್ದು. ಕಂಚು ಅಂದರೆ ತಾಮ್ರಕ್ಕೆ ತವರ ಸೇರಿಸಿದ್ದು. ಕಿಟ್ ಜತೆ ಪುಕ್ಕಟೆ ಅಂತ ಬರುವ ಸಿಂಬಲ್‌ಗಳು ಬಹುತೇಕ ಹಿತ್ತಾಳೆ. ಒಳ್ಳೆಯವು ಕಂಚು. ಅದರಲ್ಲೂ ಬಿ8 ಅಂದರೆ ನೂರಕ್ಕೆ 8 ಪಾಲು ತವರ, ಬಿ20 ಅಂದರೆ 20 ಪಾಲು. ಬಿ20 ದುಬಾರಿ, ಅದರ ನಾದ ತುಂಬಿಕೊಂಡಿರುತ್ತದೆ, ಕಪ್ಪು ನೆರಳಿನಂಥ ಒಂದು ಆಳ ಇರುತ್ತದೆ. ಬಿ8 ಸ್ವಲ್ಪ ಚುರುಕು, ಹೊಳಪು ಜಾಸ್ತಿ, ಆಳ ಕಮ್ಮಿ. ಡಿಸ್ಟಾರ್ಶನ್ ಗಿಟಾರ್ ಸೀಳಿಕೊಂಡು ಹೊರಗೆ ಬರಲು ಆ ಚುರುಕೇ ಸಹಾಯ ಮಾಡುತ್ತದೆ, ಹಾಗಾಗಿ ನಿನ್ನ ಬಜೆಟ್‌ಗೆ ಬಿ8 ಧಾರಾಳ ಸಾಕು.

ಹೆಸರಿನಿಂದ ಹೇಳುವುದಾದರೆ, ಜಿಲ್ಜನ್‌ನಲ್ಲಿ ಪ್ಲಾನೆಟ್ ಝಡ್ ಹಿತ್ತಾಳೆ, ಐ ಸಾಲು ಬಿ8, ಎಸ್ ಸಾಲು ಬಿ12. ಸೇಬಿಯನ್‌ನಲ್ಲಿ ಎಸ್‌ಬಿಆರ್ ಹಿತ್ತಾಳೆ, ಬಿ8ಎಕ್ಸ್ ಹೆಸರೇ ಹೇಳುವ ಹಾಗೆ ಬಿ8. ಪೈಸ್ಟೆಯಲ್ಲಿ ಪಿಎಸ್‌ಟಿ 3 ಹಿತ್ತಾಳೆ, ಪಿಎಸ್‌ಟಿ 5 ಕಂಚು. ಮೈನ್ಲ್‌ನ ಎಚ್‌ಸಿಎಸ್ ಹಿತ್ತಾಳೆ, ಆದರೆ ಎಚ್‌ಸಿಎಸ್ ಬ್ರಾಂಜ್ ಅಂತ ಬೇರೆ ಇದೆ, ಅದು ಬಿ8. ಹೆಸರು ಒಂದೇ ಥರ ಇರುವುದರಿಂದ ಮೋಸ ಹೋಗುವುದು ಸುಲಭ, ಅಚ್ಚು ಸರಿಯಾಗಿ ಓದು. ದೊಡ್ಡ ಕಂಪನಿ ಹೆಸರಿದ್ದರೆ ಕಂಚೇ ಇರುತ್ತದೆ ಅಂತಿಲ್ಲ. ಜಿಲ್ಜನ್ 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಮನೆತನ, ಸೇಬಿಯನ್ ಅದೇ ಮನೆತನದ ಒಬ್ಬ ಮಗ 1981ರಲ್ಲಿ ಕೆನಡಾದಲ್ಲಿ ಕಟ್ಟಿದ್ದು. ಅಂಥವರೂ ಕಲಿಯುವವರಿಗಾಗಿ ಹಿತ್ತಾಳೆ ಸಿಂಬಲ್ ಮಾಡುತ್ತಾರೆ.

14 ಸಾವಿರದಲ್ಲಿ ಎಲ್ಲ ಬರುವುದಿಲ್ಲ. ಮೊದಲು 14 ಇಂಚಿನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್), ಆಮೇಲೆ 18 ಇಂಚಿನ ಕ್ರ್ಯಾಶ್. ಈ ಎರಡನ್ನು ಕಂಚಿನದೇ ತಗೋ. ರೈಡ್ (ಸತತವಾಗಿ ತಾಳ ಹಿಡಿಯುವ ದೊಡ್ಡ ಸಿಂಬಲ್) ಸದ್ಯಕ್ಕೆ ಹಿತ್ತಾಳೆಯದು ಇದ್ದರೂ ನಡೆಯುತ್ತದೆ, ಅದರ ಬೆಲ್ (ನಡುವಿನ ಗುಬ್ಬಿ) ಮೇಲೆ ಬಾರಿಸುವುದೇ ಜಾಸ್ತಿ ಅಲ್ವಾ. ಅಂಚು ಮೇಲಕ್ಕೆ ಮಡಚಿದ, ಒರಟು ಸದ್ದಿನ ಚೈನಾ ಸಿಂಬಲ್ ಮೇಲೆ ನಿನಗೆ ಕಣ್ಣಿದೆ ಅಂತ ನನಗೆ ಗೊತ್ತು. ಅದು ನಾಲ್ಕನೆಯದು. 16 ಇಂಚಿನ ಕ್ರ್ಯಾಶ್‌ಗಿಂತ 18 ಹೇಳಿದ್ದು ಯಾಕೆ ಅಂದರೆ, ಒಂದೇ ಕ್ರ್ಯಾಶ್ ಇರುವಾಗ ಅದರ ಅಂಚಿನ ಮೇಲೆ ರೈಡ್ ಥರ ಸತತ ಬಾರಿಸಬೇಕಾಗುತ್ತದೆ, ಚಿಕ್ಕದು ಅದಕ್ಕೆ ತಡೆಯುವುದಿಲ್ಲ.

ಹಳೆಯ ಸಿಂಬಲ್ ನೋಡುವಾಗ ಕಣ್ಣಿಗಿಂತ ಉಗುರನ್ನು ನಂಬು. ಹೆಬ್ಬೆರಳಿನ ಉಗುರು ಅಂಚಿಗೆ ತಾಗಿಸಿ ಒಂದು ಸುತ್ತು ಬಾ. ಕಣ್ಣಿಗೆ ಕಾಣದ ಸೀಳು ಉಗುರಿಗೆ ಸಿಕ್ಕುತ್ತದೆ. ನಡುವಿನ ತೂತು ಗುಂಡಗೆ ಇದೆಯಾ, ಒಂದು ಕಡೆ ಸವೆದು ಬೀಗದ ಕಂಡಿಯ ಹಾಗೆ ಉದ್ದ ಆಗಿದೆಯಾ ನೋಡು. ಉದ್ದ ಆಗಿದ್ದರೆ ಹಿಂದಿನವನು ಪ್ಲಾಸ್ಟಿಕ್ ಕೊಳವೆ ಇಲ್ಲದೆ ನೇರ ಕಬ್ಬಿಣಕ್ಕೆ ಹಾಕಿ ಬಾರಿಸಿದ್ದಾನೆ. ನೀನು ಹಾಗೆ ಮಾಡಬೇಡ. ಮೇಲಿನ ನಟ್ಟನ್ನೂ ಬಿಗಿಯಾಗಿ ಕಟ್ಟಬೇಡ, ಸಿಂಬಲ್ ಅಲ್ಲಾಡಲು ಬಿಡು. ಹೊಡೆಯುವಾಗ ನೇರ ಕಡಿಯಬೇಡ, ಓರೆಯಾಗಿ ಸವರಿಕೊಂಡು ಹೋಗು. ಸಿಂಬಲ್ ಸೀಳುವುದು ಹೆಚ್ಚಾಗಿ ಈ ಮೂರು ಕಾರಣಕ್ಕೆ.

ಶೆಲ್‌ಗೆ ಬರೋಣ. ಮೇಪಲ್, ಬರ್ಚ್, ಪಾಪ್ಲರ್ ಅಂತ ಮರಗಳ ಮೇಲೆ ದೊಡ್ಡ ದೊಡ್ಡ ವಾದ ಕೇಳಿರುತ್ತೀಯ. ವ್ಯತ್ಯಾಸ ಇದೆ, ಸುಳ್ಳಲ್ಲ. ಬರ್ಚ್‌ನಲ್ಲಿ ಪೆಟ್ಟು ಚುರುಕು, ಮೇಪಲ್ ದುಂಡಗೆ ಬೆಚ್ಚಗೆ, ಪಾಪ್ಲರ್ ಅಗ್ಗ ಮತ್ತು ಮೇಪಲ್ ಕಡೆಗೆ ವಾಲುತ್ತದೆ. ಆದರೆ ಎರಡು ಗಿಟಾರ್, ಒಂದು ಬಾಸ್, ಕಿರುಚುವ ಗಾಯಕ ಇರುವ ಶೆಡ್‌ನಲ್ಲಿ ಆ ವ್ಯತ್ಯಾಸ ಕೇಳಿಸುವುದಕ್ಕಿಂತ ಹೆಡ್ ಮತ್ತು ಟ್ಯೂನಿಂಗ್‌ನ ವ್ಯತ್ಯಾಸ ಹತ್ತು ಪಟ್ಟು ಜಾಸ್ತಿ ಕೇಳಿಸುತ್ತದೆ. ಪರ್ಲ್ ಎಕ್ಸ್‌ಪೋರ್ಟ್ 1980ರ ದಶಕದಿಂದ ಬರುತ್ತಿರುವ ಸಾಲು, ಹಳೆಯದು ಸಿಕ್ಕರೆ ಖಂಡಿತ ವಿಚಾರ ಮಾಡು. ಯಮಾಹಾ ಸ್ಟೇಜ್ ಕಸ್ಟಮ್ ಬರ್ಚ್ ಸಿಕ್ಕರೆ ಅದೃಷ್ಟ. ತಾಮಾ ಇಂಪೀರಿಯಲ್‌ಸ್ಟಾರ್, ಮೇಪೆಕ್ಸ್ ಸ್ಟಾರ್ಮ್ ಕೂಡ ಮೆಟಲ್ ತಡೆಯುತ್ತವೆ. ಹೊಸದೇ ಬೇಕು ಅಂತ ಮನೆಯವರು ಹಟ ಹಿಡಿದರೆ ಪರ್ಲ್ ರೋಡ್‌ಶೋ ಥರದ್ದು ನೋಡು, ಆದರೆ ಅದರ ಜತೆ ಬರುವ ಸಿಂಬಲ್ ಮತ್ತು ಸಿಂಗಲ್ ಪೆಡಲ್ ಮುಂದೆ ಬದಲಿಸಲೇಬೇಕು ಅಂತ ಲೆಕ್ಕದಲ್ಲಿ ಇಟ್ಟುಕೋ.

ಬಾಸ್ ಡ್ರಮ್ 22 ಇಂಚು ಇರಲಿ. 20 ಇದ್ದರೂ ಬೇಡ ಅನ್ನಬೇಡ. 18 ಬೇಡ. ಮುಂದೆ ಒಂದೋ ಎರಡೋ ಟಾಮ್ (ದುಂಡು ಸದ್ದಿನ ಚಿಕ್ಕ ಡ್ರಮ್), ನೆಲದ ಮೇಲೆ ನಿಲ್ಲುವ ಒಂದು 16 ಇಂಚಿನ ಫ್ಲೋರ್ ಟಾಮ್, ಮುಗಿಯಿತು. ನಾಲ್ಕು ಪೀಸ್ ಕಿಟ್ಟೂ ಆಗುತ್ತದೆ. ಟಾಮ್ ಕಮ್ಮಿ ಇದ್ದಷ್ಟು ರೈಡ್ ಹತ್ತಿರ ಬರುತ್ತದೆ, ಭುಜಕ್ಕೆ ಆರಾಮ. ಸ್ನೇರ್ ಉಕ್ಕಿನದು, 14 ಇಂಚು ಅಗಲ 6.5 ಇಂಚು ಆಳದ್ದು ಸಿಕ್ಕರೆ ಬಿಡಬೇಡ, ಅಗ್ಗದಲ್ಲೂ ಚೆನ್ನಾಗಿ ಸಿಡಿಯುವ ಡ್ರಮ್ ಅಂದರೆ ಉಕ್ಕಿನ ಸ್ನೇರ್.

ಸೆಕೆಂಡ್ ಹ್ಯಾಂಡ್ ಎಲ್ಲಿ ಹುಡುಕುವುದು? ಹುಬ್ಬಳ್ಳಿ-ಧಾರವಾಡದಲ್ಲಿ ಚರ್ಚ್ ಬ್ಯಾಂಡ್‌ಗಳನ್ನು, ಆರ್ಕೆಸ್ಟ್ರಾದವರನ್ನು, ಕಾಲೇಜು ಮುಗಿಸಿ ಊರು ಬಿಡುತ್ತಿರುವ ಹುಡುಗರನ್ನು ಕೇಳು. ಏಪ್ರಿಲ್, ಮೇ ತಿಂಗಳಲ್ಲಿ ಮಾರುವವರು ಜಾಸ್ತಿ. ಗೋವಾ ನಮಗೆ ಹತ್ತಿರ, ಅಲ್ಲಿ ಬ್ಯಾಂಡ್‌ಗಳೂ ಜಾಸ್ತಿ, ಕಿಟ್‌ಗಳೂ ಕೈ ಬದಲಾಗುತ್ತಿರುತ್ತವೆ. ಒಂದೇ ಮಾತು, ಸಮುದ್ರದ ಗಾಳಿಗೆ ಸ್ಟ್ಯಾಂಡ್ ತುಕ್ಕು ಹಿಡಿದಿರುತ್ತದೆ, ಒಂದೊಂದು ಬೋಲ್ಟನ್ನೂ ತಿರುಗಿಸಿ ನೋಡು. ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡ.

ಹೋಗುವಾಗ ಒಂದು ಡ್ರಮ್ ಕೀ (ಹೆಡ್‌ನ ರಾಡ್ ತಿರುಗಿಸುವ ಚಾವಿ) ಜೇಬಲ್ಲಿರಲಿ. ಟಾಮ್‌ನ ಹೆಡ್ ಬಿಚ್ಚಲು ಮಾಲೀಕರ ಒಪ್ಪಿಗೆ ಕೇಳು. ನಿಜವಾಗಿ ಮಾರುವ ಮನಸ್ಸಿದ್ದವರು ಬೇಡ ಅನ್ನುವುದಿಲ್ಲ. ಬಿಚ್ಚಿದ ಶೆಲ್ಲನ್ನು ಅವರ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಇಡು, ಲೈಟ್ ಆರಿಸು, ಶೆಲ್ ಒಳಗೆ ಮೊಬೈಲ್ ಟಾರ್ಚ್ ಹಚ್ಚಿಡು. ಅಂಚು ಮತ್ತು ಕಲ್ಲಿನ ನಡುವೆ ಬೆಳಕು ಸೋರದೇ ಇದ್ದರೆ ಶೆಲ್ ಸರಿ ಇದೆ. ಒಂದು ಕಡೆ ಬೆಳಕಿನ ಗೆರೆ ದಪ್ಪಗೆ ಕಂಡರೆ ಅಂಚು ಏಟು ತಿಂದಿದೆ ಅಥವಾ ಶೆಲ್ ಸೊಟ್ಟಗಾಗಿದೆ, ಅದು ಎಂದೂ ಶ್ರುತಿಗೆ ನಿಲ್ಲುವುದಿಲ್ಲ. ಕಳೆದ ವರ್ಷ ಗದಗದಲ್ಲಿ ಒಬ್ಬ ಹುಡುಗನ ಜತೆ ಕಿಟ್ ನೋಡಲು ಹೋಗಿದ್ದೆ. ಹೊರಗಿನಿಂದ ಹೊಸದರ ಹಾಗೆ ಕೆಂಪಗೆ ಮಿಂಚುತ್ತಿತ್ತು. ಕಟ್ಟೆ ಮೇಲಿಟ್ಟು ಟಾರ್ಚ್ ಹಚ್ಚಿದರೆ ಫ್ಲೋರ್ ಟಾಮ್‌ನ ಅಡಿಯಿಂದ ಕಾಲು ಸುತ್ತು ಬೆಳಕು ಹೊರಗೆ ಚೆಲ್ಲಿತು. ಮಾರುವವರಿಗೇ ಅದು ಗೊತ್ತಿರಲಿಲ್ಲ, ಪಾಪ. ಅವರೇ ಬೆಲೆ ಇಳಿಸಿದರು, ಆದರೂ ನಾವು ತರಲಿಲ್ಲ. ಲಗ್‌ಗಳ ಪರೀಕ್ಷೆ ಸುಲಭ: ಪ್ರತಿ ರಾಡ್ ಬೆರಳಲ್ಲೇ ಸಲೀಸಾಗಿ ಒಳಗೆ ಇಳಿಯಬೇಕು. ಅಡ್ಡ ಹೋದರೆ, ಕರಕರ ಅಂದರೆ ಥ್ರೆಡ್ ಕೆಟ್ಟಿದೆ.

ಹೆಡ್‌ಗೆ 5 ಸಾವಿರ ಇಟ್ಟಿದ್ದೇನೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡ. ಹಳೆ ಹೆಡ್ ಇರುವ ದುಬಾರಿ ಕಿಟ್‌ಗಿಂತ ಹೊಸ ಹೆಡ್ ಇರುವ ಸಾಧಾರಣ ಕಿಟ್ ಚೆನ್ನಾಗಿ ನುಡಿಯುತ್ತದೆ. ಮೊದಲು ಕಿಕ್ ಮತ್ತು ಸ್ನೇರ್‌ನ ಬಾರಿಸುವ ಕಡೆಯ ಹೆಡ್ ಬದಲಿಸು, ಟಾಮ್‌ಗಳದ್ದು ಮುಂದೆ ನೋಡೋಣ. ಕಿಕ್‌ಗೆ ಎವಾನ್ಸ್ ಇಮ್ಯಾಡ್ ಅಥವಾ ರೆಮೊ ಪವರ್‌ಸ್ಟ್ರೋಕ್ 3. ಟಾಮ್‌ಗೆ ಎರಡು ಪದರದವು ಬೇಕು, ರೆಮೊ ಪಿನ್‌ಸ್ಟ್ರೈಪ್ ಅಥವಾ ಎವಾನ್ಸ್ ಜಿ2. ಒಂದು ಪದರದ್ದು ನಿನ್ನ ಪೆಟ್ಟಿಗೆ ಬೇಗ ಗುಳಿ ಬೀಳುತ್ತದೆ.

ಕಿಕ್‌ನ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೋಳಿ ಹೊತ್ತಿಗೆ ನಮ್ಮ ಊರಲ್ಲಿ ಜಗ್ಗಲಗಿ ಕೇಳಿ ಬೆಳೆದವರು ನಾವು. ಒಂದು ಪೆಟ್ಟು ಬಿದ್ದರೆ ಗುಂಯ್ ಅಂತ ಬೀದಿ ತುಂಬಾ ಹರಡುತ್ತದೆ, ಅದೇ ಅದರ ಚೆಂದ. ಹಾಗಾಗಿ ಬಾಸ್ ಡ್ರಮ್ ಕೂಡ ಹಾಗೇ ಮೊಳಗಬೇಕು ಅಂತ ನಮ್ಮ ಹುಡುಗರು ಬಯಸುತ್ತಾರೆ. ಮೆಟಲ್‌ನಲ್ಲಿ ಅದು ನಡೆಯುವುದಿಲ್ಲ. ಸೆಕೆಂಡಿಗೆ 12 ಪೆಟ್ಟು ಬೀಳುವಾಗ ಒಂದರ ಮೊಳಗು ಮುಗಿಯುವ ಮೊದಲೇ ಇನ್ನೊಂದು ಬಂದರೆ ಎಲ್ಲ ಕಲಸಿ ಅಂಬಲಿ ಆಗುತ್ತದೆ. ಪೆಟ್ಟು ಗಿಡ್ಡ ಇರಬೇಕು. ಟಪ್ ಅಂದು ನಿಲ್ಲಬೇಕು. ಅದಕ್ಕೆ ಮನೆಯಲ್ಲೇ ಮದ್ದಿದೆ: ಹಳೆ ಕೌದಿ. ಅದನ್ನು ಮಡಿಚಿ ಬಾಸ್ ಡ್ರಮ್ ಒಳಗೆ ಹಾಸು, ಬಾರಿಸುವ ಹೆಡ್‌ಗೆ ನಾಲ್ಕು ಬೆರಳು ಅಗಲ ತಾಗುವಂತೆ ಒತ್ತಿಡು. ದಿಂಬು ತುರುಕುವವರಿದ್ದಾರೆ, ದಿಂಬು ಜರುಗುತ್ತದೆ. ಕೌದಿ ತನ್ನ ಭಾರಕ್ಕೆ ಕೂತಲ್ಲೇ ಕೂರುತ್ತದೆ. ನನ್ನ ಕಿಟ್‌ನಲ್ಲಿರುವುದು ನಮ್ಮ ಅಜ್ಜಿ ಹೊಲಿದದ್ದು, ಹಳೆ ಇಳಕಲ್ ಸೀರೆಯ ತುಂಡುಗಳು ಅದರಲ್ಲಿವೆ. ಹತ್ತು ವರ್ಷದಿಂದ ಅಲ್ಲೇ ಇದೆ. ಆಮೇಲೆ ಬೀಟರ್ ಬಡಿಯುವ ಜಾಗಕ್ಕೆ ಡಬಲ್ ಪೆಡಲ್‌ಗೆಂದೇ ಬರುವ ಪ್ಯಾಚ್ ಅಂಟಿಸು. ಹೆಡ್ ಉಳಿಯುತ್ತದೆ, ಸದ್ದಿಗೆ ಒಂದು ಚಟಕ್ ಬರುತ್ತದೆ. ಗಿಟಾರ್ ಗದ್ದಲದ ನಡುವೆ ಕಿಕ್ ಕೇಳಿಸುವುದು ಆ ಚಟಕ್‌ನಿಂದಲೇ. ಬೀಟರ್‌ನ ಬಟ್ಟೆಯ ಕಡೆ ಬಿಟ್ಟು ಪ್ಲಾಸ್ಟಿಕ್ ಕಡೆ ತಿರುಗಿಸಿದರೆ ಇನ್ನೂ ಸ್ಪಷ್ಟ.

ಟ್ಯೂನಿಂಗ್ ಕಷ್ಟ ಅಂತ ಹೆದರಬೇಡ. ತಬಲಾ ಶ್ರುತಿ ಮಾಡುವುದನ್ನು ನೀನು ನೋಡಿಯೇ ಇರುತ್ತೀಯ, ಧಾರವಾಡದ ಪಕ್ಕದಲ್ಲೇ ಹುಟ್ಟಿದವನು. ಸುತ್ತಿಗೆ ಹಿಡಿದು ಒಂದೇ ಕಡೆ ಬಡಿಯುತ್ತಾ ಕೂರುವುದಿಲ್ಲ, ಇಲ್ಲೊಂದು ಪೆಟ್ಟು, ಎದುರಿಗೊಂದು ಪೆಟ್ಟು, ಪ್ರತಿ ಸಲ ಬೆರಳಿಟ್ಟು ಕೇಳಿ ಮುಂದೆ ಹೋಗುತ್ತಾರೆ. ಡ್ರಮ್ಮಿಗೂ ಅದೇ. ಎಲ್ಲ ರಾಡ್ ಬೆರಳಿನಿಂದ ಬಿಗಿ ಮಾಡಿ, ಆಮೇಲೆ ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು. ಪ್ರತಿ ರಾಡ್‌ನಿಂದ ಒಂದು ಇಂಚು ಒಳಗೆ ಕೋಲಿನಿಂದ ಮೆಲ್ಲಗೆ ತಟ್ಟಿ ಕೇಳು, ಎಲ್ಲ ಕಡೆ ಒಂದೇ ಸ್ವರ ಬರುವ ತನಕ. ಕಿಕ್‌ನ ಹೆಡ್ ಮಾತ್ರ ತೀರಾ ಸಡಿಲ, ಸುಕ್ಕು ಹೋಗಿ ಅದರ ಮೇಲೆ ಕಾಲು ಸುತ್ತು, ಅಷ್ಟೇ. ಸ್ನೇರ್‌ನ ಕೆಳಗಿನ ಹೆಡ್ ಮೇಲಿನದಕ್ಕಿಂತ ಬಿಗಿ.

ಶೆಡ್ ಬಗ್ಗೆ. ತಗಡಿನ ಚಾವಣಿ ಇರುತ್ತದೆ ಅಂದುಕೊಂಡಿದ್ದೇನೆ, ಸಿಂಬಲ್ ಸದ್ದು ಅಲ್ಲಿ ವಾಪಸ್ ಬಂದು ಕಿವಿ ಕೊರೆಯುತ್ತದೆ. ಕಿಟ್ ಕೆಳಗೆ ಹಳೆ ಜಮಖಾನೆ ಹಾಸು, ಪೆಡಲ್ ಜಾರುವುದೂ ತಪ್ಪುತ್ತದೆ. ನವಲಗುಂದದ ಒಳ್ಳೆ ಜಮಖಾನೆ ಮನೆಯಲ್ಲಿದ್ದರೆ ಅದನ್ನು ತರಬೇಡ, ಸ್ಟ್ಯಾಂಡ್‌ನ ಮೊಳೆ ತೂತು ಮಾಡುತ್ತದೆ. ಹಿಂದಿನ ಗೋಡೆಗೆ ದಪ್ಪ ಚಾದರ ಇಳಿಬಿಡು. ರಾತ್ರಿ 10ರ ಒಳಗೆ ನಿಲ್ಲಿಸು. ಕಾನೂನಿನಲ್ಲೂ ರಾತ್ರಿ 10ರಿಂದ ಬೆಳಗ್ಗೆ 6 ಶಾಂತಿಯ ಹೊತ್ತು, ಮತ್ತೆ ಆ ಶೆಡ್ ಕೊಟ್ಟವರ ಹೆಸರಿಗೆ ದೂರು ಬರಬಾರದು ಅಲ್ವಾ. ಮಳೆಗಾಲದಲ್ಲಿ ಸ್ಟ್ಯಾಂಡ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ, ಪೆಡಲ್‌ನ ಚೈನ್‌ಗೆ ಹೊಲಿಗೆ ಮಷೀನ್ ಎಣ್ಣೆ ಒಂದೊಂದು ಹನಿ ಬಿಡು.

ಕಿವಿಯ ಪ್ಲಗ್ ಇಲ್ಲದೆ ಆ ಶೆಡ್‌ನಲ್ಲಿ ಒಂದು ದಿನವೂ ಕೂರಬೇಡ. ಇದು ನನ್ನ ಕೋರಿಕೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಜೋರಾಗಿ ಬಾರಿಸುವ ಡ್ರಮ್ ಕಿಟ್ ಅದನ್ನು ಸುಲಭವಾಗಿ ದಾಟುತ್ತದೆ. ನನ್ನ ಎಡಗಿವಿಯಲ್ಲಿ, ಹೈ-ಹ್ಯಾಟ್ ಇದ್ದ ಕಡೆ, ರಾತ್ರಿ ಮಲಗಿದಾಗ ಕೀ ಅಂತ ಸದ್ದು ಇದೆ. ಅದು ಹೋಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಪಂಜಿನ ಪ್ಲಗ್ ಆದರೂ ಸರಿ, ಇವತ್ತೇ ತಂದಿಟ್ಟುಕೋ.

ಕಿಟ್ ಸಿಗಲು ಒಂದೆರಡು ತಿಂಗಳು ಹಿಡಿಯಬಹುದು, ಅವಸರ ಬೇಡ. ಅಷ್ಟರಲ್ಲಿ ಪೆಡಲ್ ಒಂದು ಮೊದಲು ಸಿಕ್ಕರೆ ಅದನ್ನೇ ತಂದು, ಗೋಡೆಗೆ ಒರಗಿಸಿದ ಹಳೆ ದಿಂಬಿನ ಮೇಲೆ ಬೀಟರ್ ಬಡಿಯುವ ಹಾಗೆ ಇಟ್ಟುಕೋ. ಕೆಳಗಿನ ಮಾಲೀಕರಿಗೆ ಕೇಳಿಸದಂತೆ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಹಗಲು ಹೊತ್ತಲ್ಲೇ ಕೂರು. ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಿಡಿಯುವ ಯಂತ್ರ) 80ಕ್ಕೆ ಇಟ್ಟು, ಬೀಟ್‌ಗೆ ನಾಲ್ಕರಂತೆ, ಎಡಗಾಲಿನಿಂದ ಶುರು ಮಾಡಿ ಹತ್ತು ನಿಮಿಷ. ಎರಡೂ ಕಾಲಿನ ಸದ್ದು ಒಂದೇ ಎತ್ತರಕ್ಕೆ ಬಂದ ದಿನ 84ಕ್ಕೆ ಏರಿಸು. ಕಿಟ್ ನೋಡಲು ಹೋಗುವ ದಿನ ಗೊತ್ತಾದರೆ ಎರಡು ದಿನ ಮುಂಚೆ ತಿಳಿಸು. ರವಿವಾರ ಆದರೆ ನಾನೂ ಬರುತ್ತೇನೆ, ಡ್ರಮ್ ಕೀ ನನ್ನ ಹತ್ತಿರ ಇದೆ.